ಮನೆಯಲ್ಲಿ ಏನೂ ತೊಂದರೆ ಇಲ್ಲ

ಮಾರ್ಚ್ 4

ಮಾಜಿ ಸೈನಿಕರ ಆಸ್ಪತ್ರೆ, ಮೂರನೇ ಕೊಠಡಿಯ ಡಾಕ್ಟರಮ್ಮನಿಗೆ,

ನಾನು ಬೀಗ ರಿಪೇರಿ ಮಾಡುವವನು. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಕಾಗದದಲ್ಲಿ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ, ಓದದೆ ಮಾತ್ರ ಮಡಚಿಡಬೇಡಿ.

ಹದಿನೇಳು ವರ್ಷ ಸೈನ್ಯದಲ್ಲಿದ್ದು ಬಂದ ನನ್ನ ಮಗ ಹೋದ ವರ್ಷದಿಂದ ನಿಮ್ಮ ಹತ್ತಿರ ತೋರಿಸಿಕೊಳ್ಳುತ್ತಿದ್ದ. ಮೊನ್ನೆ ಒಂದು ಹಳದಿ ಕಾಗದ ಹಿಡಿದುಕೊಂಡು ಅಂಗಡಿಗೆ ಬಂದ. ‘ಹನ್ನೆರಡು ಭೇಟಿ ಮುಗಿದಿವೆ. ಚಿಕಿತ್ಸೆ ಪೂರ್ಣಗೊಂಡಿದೆ. ಗಮನಾರ್ಹ ಸುಧಾರಣೆ.’ ಕೆಳಗೆ ನಿಮ್ಮ ಸಹಿ, ನೀಲಿ ಮೊಹರು.

ಸುಧಾರಣೆ ಹೇಗಿದೆ ಅಂತ ನಾನು ಹೇಳುತ್ತೇನೆ, ಕೇಳಿ. ಮೊದಲು ರಸ್ತೆಯಲ್ಲಿ ಲಾರಿ ಟೈರು ಸಿಡಿದರೆ ನೆಲಕ್ಕೆ ಬೀಳುತ್ತಿದ್ದ, ಈಗ ಬೀಳುವುದಿಲ್ಲ. ಆ ಸೈನ್ಯದ ಗಾಡಿ ಹೊತ್ತಿ ಉರಿದ ಕನಸೂ ನಿಂತಿದೆಯಂತೆ. ಒಪ್ಪಿದೆ, ಅಷ್ಟು ನಿಮ್ಮ ಕೈಗುಣ. ಮಿಕ್ಕಿದ್ದು? ಗೋಡೆಗೆ ಬೆನ್ನು ಕೊಟ್ಟು ನಿಂತುಕೊಂಡೇ ಊಟ ಮಾಡುತ್ತಾನೆ. ಹೋದ ವಾರ ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವಾಗ ಕೀ ಉಜ್ಜುವ ಅರ ಜಾರಿತು ಅಂತ ಇಡೀ ಕೀ ಡಬ್ಬಿಯನ್ನು ಗೋಡೆಗೆ ಬೀಸಿದ. ಆಮೇಲೆ ಎರಡು ದಿನ ಮಾತಿಲ್ಲ. ಒಂದೇ ಬೀಗದ ಕೈಯನ್ನು ಹಿಡಿದು ಉಜ್ಜಿದ, ಉಜ್ಜಿದ, ಕೊನೆಗೆ ಕೈಯಲ್ಲಿ ಹಿಡಿ ಮಾತ್ರ ಉಳಿಯಿತು. ಅವನ ಹೆಂಡತಿ ಮಗುವನ್ನು ಕರೆದುಕೊಂಡು ತನ್ನ ಅಕ್ಕನ ಮನೆಗೆ ಹೋಗಿದ್ದಾಳೆ. ಪಾಪ, ದಿನಾ ಫೋನ್ ಮಾಡುತ್ತಾಳೆ. ಇವನು ಅದು ಬಡಿದುಕೊಂಡು ಸುಮ್ಮನಾಗುವವರೆಗೆ ನೋಡುತ್ತಾ ಕೂರುತ್ತಾನೆ. “ಎತ್ತೋಕೇನೋ ರೋಗ?” ಅಂದೆ. “ಅವಳು ಒಳ್ಳೆಯವಳು ಅಂತ ಫೋನ್ ಮಾಡ್ತಾಳಪ್ಪ. ಎತ್ತಿದ್ರೆ ನನ್ನ ಜೊತೆ ಮಾತಾಡಬೇಕಾಗತ್ತೆ ಅವಳು” ಅಂದ.

ಸೂಟ್‌ಕೇಸಿನ ಬೀಗ ತೆಗೆಸಿಕೊಳ್ಳಲು ಬಂದ ಹೆಂಗಸು “ಎಷ್ಟು ಚೆನ್ನಾಗಿ ತೆಗೆದುಕೊಟ್ರಿ” ಅಂದರೆ, “ದಂಡಪಿಂಡದ ಕೈಲಿ ಆದಷ್ಟು ಮಾಡಿದ್ದೀನಮ್ಮ” ಅನ್ನುತ್ತಾನೆ. ಸೈನ್ಯದಲ್ಲಿ ಯಾವ ಮಹಾನುಭಾವ ಇವನಿಗೆ ಈ ಮಾತು ಕಲಿಸಿದನೋ, ಸಿಕ್ಕಿದರೆ ವಿಚಾರಿಸಿಕೊಳ್ಳುತ್ತೇನೆ.

“ಪೂರ್ತಿ ವಾಸಿ ಆಯ್ತು ಅಂತ ಬರೆದಿದ್ದಾರಲ್ಲೋ, ಮತ್ತೆ ಇದೆಲ್ಲ ಏನು?” ಅಂತ ಕೇಳಿದೆ. ಏನು ಹೇಳಿದ ಗೊತ್ತಾ ಡಾಕ್ಟರಮ್ಮಾ? “ಕಾಯಿಲೆ ಹೋಯ್ತಪ್ಪ. ಉಳಿದಿರೋದು ನಾನು.”

ಕೊಂಡಿ ಬಗ್ಗಿದ ಬೀಗ ಬೇರೆ, ಹೊಟ್ಟೆಯೊಳಗೆ ಸವೆದ ಬೀಗ ಬೇರೆ. ಎರಡನೆಯದು ತಂದವನಿಗೆ ನಾನು ಕೊಂಡಿ ನೆಟ್ಟಗೆ ಮಾಡಿ ‘ಪೂರ್ಣಗೊಂಡಿದೆ’ ಅಂತ ಕೊಟ್ಟರೆ ಅವನು ಅದೇ ಬೀಗದಲ್ಲಿ ನನ್ನ ತಲೆ ಒಡೆಯುತ್ತಾನೆ. ನಿಮಗೆ ಕೇಳುವವರು ಯಾರೂ ಇಲ್ಲವೇ?

ಇಂತಿ,
ಬೀಗದಂಗಡಿಯವನು, ಅಂದರೆ ಅವನ ಅಪ್ಪ


ಮಾರ್ಚ್ 12

ಹಿರಿಯರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಮಡಚಿಡಲಿಲ್ಲ, ಎರಡು ಸಲ ಓದಿದೆ. ತಮ್ಮ ಚಿಕಿತ್ಸೆಯ ಬಗ್ಗೆ ನಿಮ್ಮೊಡನೆ ಮಾತನಾಡಬಹುದೆಂದು ನಿಮ್ಮ ಮಗ ಮೊದಲೇ ಸಹಿ ಮಾಡಿಕೊಟ್ಟಿರುವುದರಿಂದ ಉತ್ತರಿಸುತ್ತಿದ್ದೇನೆ.

ನಮ್ಮಲ್ಲಿಗೆ ಬರುವ ಪ್ರತಿ ಸೈನಿಕರಿಗೂ ಒಂದು ಹಾಳೆ ಕೊಡುತ್ತೇವೆ. ನಿಮ್ಮನ್ನು ಅತಿ ಹೆಚ್ಚು ಕಾಡುವ ಘಟನೆ ಯಾವುದು ಎಂದು ಅದರಲ್ಲಿ ಕೇಳಿರುತ್ತದೆ. ಅವರು ಗಾಡಿಯ ಸ್ಫೋಟವನ್ನು ಬರೆದರು. ಅದಕ್ಕೇ ಚಿಕಿತ್ಸೆ ಕೊಟ್ಟೆ. ಅದು ಫಲಿಸಿತು.

ಆಘಾತದ ನಂತರ ಬರುವ ಕಾಯಿಲೆಯ ಸಾಮಾನ್ಯ ರೂಪದಲ್ಲಿ, ನಡೆದದ್ದು ಮತ್ತೆ ಕಣ್ಣೆದುರೇ ನಡೆದಂತಾಗುತ್ತದೆ, ಅದನ್ನು ನೆನಪಿಸುವ ಎಲ್ಲದರಿಂದ ಮನುಷ್ಯ ದೂರ ಓಡುತ್ತಾನೆ, ಸದಾ ಅಪಾಯ ಕಾದಿದೆಯೆಂದು ಮೈಯೆಲ್ಲ ಕಿವಿಯಾಗಿರುತ್ತಾನೆ. ಇನ್ನೊಂದು ರೂಪವಿದೆ. ಸಂಕೀರ್ಣ ಎನ್ನುತ್ತೇವೆ. ಅದರಲ್ಲಿ ಇವೆಲ್ಲ ಇದ್ದು, ಇವುಗಳ ಜೊತೆಗೆ ಸಿಟ್ಟು ಸಂಕಟಗಳು ಹಿಡಿತಕ್ಕೆ ಸಿಗುವುದಿಲ್ಲ, ಇಲ್ಲವೇ ಮನಸ್ಸು ಮರಗಟ್ಟುತ್ತದೆ. ತಾನು ಯಾವುದಕ್ಕೂ ಬಾರದವನು ಎಂಬ ನಂಬಿಕೆ ಬೇರುಬಿಟ್ಟಿರುತ್ತದೆ. ಯಾರ ಹತ್ತಿರವೂ ನಿಲ್ಲಲಾಗುವುದಿಲ್ಲ. ನೀವು ಬರೆದಿರುವುದು ಇದನ್ನೇ. ‘ಉಳಿದಿರೋದು ನಾನು’ ಎಂಬ ಮಾತನ್ನು ಅವರು ನನ್ನೆದುರು ಆಡಲಿಲ್ಲ. ಆಡಿಸುವಂಥ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಅದು ನನ್ನ ತಪ್ಪು.

ಇದು ಹೆಚ್ಚಾಗಿ, ತಪ್ಪಿಸಿಕೊಳ್ಳಲಾಗದ ಕಡೆ ಬಹುಕಾಲ ಮತ್ತೆ ಮತ್ತೆ ನೊಂದವರಲ್ಲಿ ಕಾಣುತ್ತದೆ. ಎಷ್ಟೋ ಸೈನಿಕರಲ್ಲಿ ಆ ನೋವು ಸಮವಸ್ತ್ರ ತೊಡುವುದಕ್ಕೆ ಮೊದಲೇ ಶುರುವಾಗಿರುತ್ತದೆ. ಅದಕ್ಕೇ ಮನೆಯವರಿಗೂ ಒಂದು ಹಾಳೆ ಕೊಡುತ್ತೇವೆ. ಅದರ ಒಂಬತ್ತನೇ ಪ್ರಶ್ನೆ: ‘ಬಾಲ್ಯದಲ್ಲಿ ಹೊಡೆತ, ಹೀಯಾಳಿಕೆ, ಕೂಡಿಹಾಕುವುದು ಇತ್ಯಾದಿ ನಡೆದಿತ್ತೇ?’ ನಿಮ್ಮ ಕೈಬರಹದ ಉತ್ತರ: ‘ಮನೆಯಲ್ಲಿ ಏನೂ ತೊಂದರೆ ಇಲ್ಲ.’

ಇಂಥವರಿಗಾಗಿ ನಮ್ಮಲ್ಲಿ ದೀರ್ಘ ಚಿಕಿತ್ಸೆಯ ವಾರ್ಡ್ ಇದೆ. ಎಂಟೇ ಹಾಸಿಗೆ. ಮೇ 20ಕ್ಕೆ ಆಯ್ಕೆ ಸಮಿತಿ ಕೂರುತ್ತದೆ. ಅವರು ಮನುಷ್ಯನನ್ನು ನೋಡುವುದಿಲ್ಲ, ಕಾಗದ ನೋಡುತ್ತಾರೆ. ಈಗಿರುವ ಕಾಗದಗಳ ಮೇಲೆ ನಿಮ್ಮ ಮಗನಿಗೆ ಹಾಸಿಗೆ ಸಿಗುವುದಿಲ್ಲ. ಹೊಸ ಹಾಳೆ ಇಟ್ಟಿದ್ದೇನೆ. ಒಂಬತ್ತನೇ ಪ್ರಶ್ನೆಯನ್ನು ಇನ್ನೊಮ್ಮೆ ಓದುತ್ತೀರಾ?

ಗೌರವಗಳೊಂದಿಗೆ,
ಮೂರನೇ ಕೊಠಡಿಯ ಡಾಕ್ಟರ್


ಮಾರ್ಚ್ 19

ಡಾಕ್ಟರಮ್ಮನಿಗೆ,

ಓದಿದೆ. ಚೆನ್ನಾಗಿದೆ ನಿಮ್ಮ ನ್ಯಾಯ! ಅವನ ಗಾಡಿಯ ಕೆಳಗೆ ಬಾಂಬು ಇಟ್ಟಿದ್ದು ನಾನಾ? ಬೆಟ್ಟದ ತುದಿಯ ಠಾಣೆಯಲ್ಲಿ ಹನ್ನೊಂದು ತಿಂಗಳು ದಿನಾ ಶೆಲ್ಲು ಬೀಳುತ್ತಿದ್ದಾಗ ಅವನನ್ನು ಕೆಳಗಿಳಿಸದೆ ಬಿಟ್ಟಿದ್ದು ನಾನಾ? ಅಲ್ಲಿಗೆ ಕಳಿಸಿದವರಿಗೆ ಯಾವ ಹಾಳೆಯನ್ನೂ ಕೊಡಲಿಲ್ಲ, ಬೀಗದಂಗಡಿಯವನಿಗೆ ಪ್ರಶ್ನೆಪತ್ರಿಕೆ!

ನನ್ನ ಹೆಂಡತಿ ತೀರಿಹೋದಾಗ ಅವನು ಇಷ್ಟುದ್ದ ಇದ್ದ. ಎರಡನೇ ಮದುವೆ ಆಗು ಅಂತ ಎಲ್ಲರೂ ಹೇಳಿದರು. ಮಲತಾಯಿ ಕೈಗೆ ಕೊಡುವುದಿಲ್ಲ ಅಂತ ಒಬ್ಬನೇ ಸಾಕಿದೆ. ಕಸುಬು ಕಲಿಸಿದೆ. ಅದೂ ಹೇಗೆ? ನನಗೆ ನನ್ನಪ್ಪ ಕಲಿಸಿದ ಹಾಗೆ. ಅಂಗಡಿಯ ಹಿಂದೆ ಸಾಮಾನು ಕೋಣೆ ಇದೆ, ಕಿಟಕಿ ಇಲ್ಲ. ಬಾಗಿಲಿಗೇ ಕೂರಿಸಿದ ಬೀಗ, ಕೀ ಹಾಕುವ ತೂತು ಎರಡೂ ಕಡೆ. ಅವನ ಕೈಗೊಂದು ತಂತಿ ಕೊಟ್ಟು ಒಳಗೆ ಬಿಟ್ಟು ಹೊರಗಿನಿಂದ ಬೀಗ ತಿರುಗಿಸುತ್ತಿದ್ದೆ. ತೆಗೆದುಕೊಂಡು ಬಂದರೆ ಊಟ. ಕಣ್ಣಿಗೆ ಕಾಣದಿದ್ದರೆ ಬೆರಳು ಕಲಿಯುತ್ತದೆ ಡಾಕ್ಟರಮ್ಮಾ, ಅದು ಈ ಕಸುಬಿನ ಗುಟ್ಟು. ಹತ್ತನೇ ವಯಸ್ಸಿಗೇ ಅರ್ಧ ನಿಮಿಷದಲ್ಲಿ ಆಚೆ ಬರುತ್ತಿದ್ದ. ಈ ಬೀದಿಯಲ್ಲಿ ಅಂಥ ಕೈ ಇನ್ನೊಂದಿಲ್ಲ.

ಕೈ ಮಾಡಿಲ್ಲವಾ ಅಂದರೆ, ಮಾಡಿದ್ದೇನೆ. ಕೈಗೆ ಸಿಕ್ಕಿದ್ದರಲ್ಲಿ ಎರಡು ಬಿಡುತ್ತಿದ್ದೆ. ದಿನಕ್ಕೆ ಹತ್ತು ಸಲ ದಂಡಪಿಂಡ ಅಂದಿದ್ದೇನೆ. ಹಾಗೆ ಅನ್ನದೇ ಇರುವ ಅಪ್ಪ ಯಾರಿದ್ದಾನೆ ತೋರಿಸಿ. ಒಂದು ಸಲ ಯಾರದೋ ಬೀರುವಿನ ಬೀಗ ಕೆಡಿಸಿದ ಅಂತ ಬೆಳಗ್ಗೆ ಒಳಗೆ ಹಾಕಿದವನು, ಕೆಲಸದ ಗಲಾಟೆಯಲ್ಲಿ ಮರೆತೇಬಿಟ್ಟೆ. ಸಂಜೆ ಬಾಗಿಲು ಹಾಕುವಾಗ ನೆನಪಾಯಿತು. ತಂತಿ ಕೊಡುವುದನ್ನೂ ಮರೆತಿದ್ದೆ, ನೋಡಿ. ತೆಗೆದರೆ ಬಾಗಿಲ ಎದುರಿಗೇ ಕಾಲು ಮಡಚಿಕೊಂಡು ಕೂತಿದ್ದ. ಅತ್ತಿರಲಿಲ್ಲ, ಒಂದು ಸಲ ಕೂಗಿಯೂ ಇರಲಿಲ್ಲ. ಅಂಥ ಗಟ್ಟಿ ಹುಡುಗ. ಅದಕ್ಕೇ ಸೈನ್ಯದವರು ಕಣ್ಣು ಮುಚ್ಚಿಕೊಂಡು ತೆಗೆದುಕೊಂಡರು.

ಇದಕ್ಕೆಲ್ಲ ನಿಮ್ಮ ಪುಸ್ತಕದಲ್ಲಿ ‘ತೊಂದರೆ’ ಅನ್ನುವುದಾದರೆ ನಮ್ಮ ಕಾಲದವರೆಲ್ಲ ನಿಮ್ಮ ವಾರ್ಡಿನಲ್ಲಿ ಮಲಗಬೇಕು, ಎಂಟು ಹಾಸಿಗೆ ಸಾಲುವುದಿಲ್ಲ. ಮನೆಯಲ್ಲಿ ಏನೂ ತೊಂದರೆ ಇರಲಿಲ್ಲ. ಹಾಳೆ ಖಾಲಿಯೇ ವಾಪಸ್ ಕಳಿಸಿದ್ದೇನೆ.

ಬೀಗದಂಗಡಿಯವನು


ಮಾರ್ಚ್ 27

ಹಿರಿಯರಿಗೆ,

ಹಾಳೆಯಲ್ಲಿ ಬರೆಯದೇ ಇದ್ದುದನ್ನು ನೀವು ಕಾಗದದಲ್ಲಿ ಬರೆದಿದ್ದೀರಿ. ನಾನು ವಾದ ಮಾಡುವುದಿಲ್ಲ. 19ನೇ ತಾರೀಖಿನ ನಿಮ್ಮ ಕಾಗದವನ್ನು ಅವರ ಕಡತದಲ್ಲಿ ಸೇರಿಸಲು ಒಪ್ಪಿಗೆ ಕೊಡುತ್ತೀರಾ? ಅವರ ಒಪ್ಪಿಗೆಯೂ ಬೇಕು, ಅಂದರೆ ಅವರೂ ಇದನ್ನು ಓದಬೇಕಾಗುತ್ತದೆ.

ಮೂರನೇ ಕೊಠಡಿಯ ಡಾಕ್ಟರ್


ಏಪ್ರಿಲ್ 1

ಒಪ್ಪಿಗೆ ಇಲ್ಲ. ನನ್ನ ಕಾಗದ ನನಗೆ ವಾಪಸ್ ಕಳಿಸಿ.

ಬೀಗದಂಗಡಿಯವನು


ಏಪ್ರಿಲ್ 6

ಕಾಗದವನ್ನೂ ಖಾಲಿ ಹಾಳೆಯನ್ನೂ ಇದರೊಂದಿಗೆ ಕಳಿಸಿದ್ದೇನೆ. ಕಾಗದದ ನಕಲು ಇಟ್ಟುಕೊಂಡಿಲ್ಲ. ಸಮಿತಿಯ ತಾರೀಖು ಬದಲಾಗುವುದಿಲ್ಲ.

ಮೂರನೇ ಕೊಠಡಿಯ ಡಾಕ್ಟರ್


ಮೇ 9

ಡಾಕ್ಟರಮ್ಮನಿಗೆ,

ಮೊದಲು ನಡೆದದ್ದು ಬರೆಯುತ್ತೇನೆ. ಆಮೇಲೆ ನಿಮ್ಮನ್ನು ಬಯ್ಯುವುದಿದೆ.

ಹೋದ ಭಾನುವಾರ ಮಧ್ಯಾಹ್ನ ಸೊಸೆ ಮೊಮ್ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಿದ್ದಳು. ಅಪ್ಪ ಮಗಳು ಒಂದು ಗಂಟೆಯಾದರೂ ಜೊತೆಗಿರಲಿ ಅಂತ. ಇವನು ಎರಡು ಮಾತಾಡಿದ, ಟೀ ತರುತ್ತೇನೆ ಅಂತ ಎದುರಿನ ಅಂಗಡಿಗೆ ಹೋದ. ಮೊಮ್ಮಗಳಿಗೆ ಒಂಬತ್ತು ವರ್ಷ, ನಾಲಿಗೆಗೆ ಬೀಗವೇ ಇಲ್ಲ. “ತಾತ, ನಂಗೂ ಬೀಗ ತೆಗೆಯೋದು ಕಲಿಸು. ಅಪ್ಪಂಗೆ ಕಲಿಸಿದೀಯ, ನಂಗ್ಯಾಕಿಲ್ಲ?” ಅಂದಳು. “ನಿಮ್ಮಪ್ಪ ಕಲಿತ ಹಾಗೇ ಕಲಿ, ಬಾ” ಅಂತ ಕೈಗೆ ತಂತಿ ಕೊಟ್ಟು ಸಾಮಾನು ಕೋಣೆಗೆ ಬಿಟ್ಟು ಬಾಗಿಲಿಗೆ ಬೀಗ ತಿರುಗಿಸಿದೆ. ಸೊಸೆ ಹೊರಗೆ ಫೋನಿನಲ್ಲಿದ್ದಳು. ಮಗು ಒಳಗಿಂದ ನಗುತ್ತಾ “ತಾತ, ಏನೂ ಕಾಣಲ್ಲ!” ಅಂತಿತ್ತು.

ಅಷ್ಟು ಹೊತ್ತಿಗೆ ಇವನು ಟೀ ಹಿಡಿದುಕೊಂಡು ಬಂದ. “ಒಳಗ್ಯಾರು?” ಅಂದ. “ನಿನ್ನ ಮಗಳೇ ಕಣೋ, ಕಸುಬು ಕಲೀತಿದ್ದಾಳೆ” ಅಂದೆ.

ಲೋಟಗಳು ನೆಲದ ಮೇಲಿದ್ದವು. ನಾನು ಬೀಗದ ಕೈಯನ್ನು ಅವನ ಮೂಗಿನ ಕೆಳಗೇ ಹಿಡಿದೆ. ಕಾಣಲೇ ಇಲ್ಲ ಅವನಿಗೆ. “ಹಿಂದಕ್ಕೆ ಸರಿ ಮಗಳೇ, ಗೋಡೆಗೆ ಅಂಟ್ಕೊಂಡು ನಿಲ್ಲು” ಅಂತ ಕೂಗಿದವನೇ ದೊಡ್ಡ ಸುತ್ತಿಗೆ ಎತ್ತಿದ. ಮೂರನೇ ಏಟಿಗೆ ಬಾಗಿಲು ತಿರುಗಣಿಯಿಂದ ಕಿತ್ತು ಬಂತು. ಅರ್ಧ ನಿಮಿಷದಲ್ಲಿ ಯಾವ ಬೀಗವನ್ನಾದರೂ ತೆಗೆಯುವವನು ಬಾಗಿಲನ್ನೇ ಒಡೆದ. ಮಗುವಿಗೆ ಒಂದು ಗೀರೂ ಆಗಿರಲಿಲ್ಲ. ಅದು ಹೆದರಿದ್ದು ಕೋಣೆಗಲ್ಲ, ಅಪ್ಪನ ಮುಖಕ್ಕೆ.

ಆಮೇಲೆ ಅವನು ಮುರಿದ ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂತ. ನನ್ನನ್ನು ಬಯ್ಯುತ್ತಾನೆ ಅಂದುಕೊಂಡೆ. ಬಯ್ದಿದ್ದರೆ ತಿರುಗಿಸಿ ಬಯ್ಯುತ್ತಿದ್ದೆ, ನನಗೆ ಅದು ಬರುತ್ತದೆ. ಅವನು ಹೇಳಿದ್ದು ಇದು: “ಸಾರಿ ಅಪ್ಪ. ನಿನ್ನ ಬಾಗಿಲು ಹಾಳು ಮಾಡಿದೆ. ನಾನು ಯಾವಾಗಲೂ ಹಿಂಗೇ. ದಂಡಪಿಂಡ.”

ಥೇಟ್ ನನ್ನ ದನಿ. ‘ದ’ ಒತ್ತುವುದೂ ನನ್ನ ಹಾಗೇ. ಇದನ್ನು ಕಲಿಸಿದವನು ಸಿಕ್ಕಿದರೆ ವಿಚಾರಿಸಿಕೊಳ್ಳುತ್ತೇನೆ ಅಂತ ನಿಮಗೆ ಬರೆದಿದ್ದೆನಲ್ಲ. ಸಿಕ್ಕಿದ.

ಸೊಸೆ ಒಳಗೆ ಬಂದು ಎಲ್ಲವನ್ನೂ ನೋಡಿದಳು. “ಮಾವ, ಇದನ್ನ ಆಟ ಅಂದ್ಕೊಂಡಿದ್ರಾ?” ಅಂತ ಒಂದೇ ಮಾತು ಕೇಳಿ, ಹೋಗಿ ಅವನ ಪಕ್ಕ ನೆಲದ ಮೇಲೆ ಕೂತಳು. ನಾನು ನಿಂತೇ ಇದ್ದೆ. ನನ್ನದೇ ಅಂಗಡಿಯಲ್ಲಿ ನನಗೆ ಕೂರಲು ಜಾಗ ಇರಲಿಲ್ಲ.

ಮಾರನೇ ದಿನ ನೀವು ವಾಪಸ್ ಕಳಿಸಿದ ಕಾಗದ ತೆಗೆದು ಓದಿದೆ. ಬರೆದವನು ಎದುರಿಗಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ. ಮಗು ಕೂಗಲಿಲ್ಲವಂತೆ, ಗಟ್ಟಿಯಂತೆ! ಕೂಗಿದರೆ ಯಾರು ಬರುತ್ತಿದ್ದರು ಡಾಕ್ಟರಮ್ಮಾ? ಬರಬೇಕಾದವನೇ ಬೀಗ ಹಾಕಿದವನು.

ಈಗ ನಿಮ್ಮ ಸರದಿ. ಹನ್ನೆರಡು ಸಲ, ಸಲಕ್ಕೊಂದು ಗಂಟೆ ಅವನ ಎದುರು ಕೂತಿದ್ದಿರಿ. ಗಿರಾಕಿ ಕಾಯುತ್ತಿದ್ದಾಗ ನಾನು ಕೌಂಟರಿನ ಮೇಲಿಟ್ಟು ಗೀಚಿದ ಒಂದು ಸಾಲನ್ನು ನಂಬಿದಿರಿ, ಎದುರಿಗಿದ್ದ ಮನುಷ್ಯನನ್ನು ನೋಡಲಿಲ್ಲ. ಯಾವ ಘಟನೆ ಅಂತ ಅವನಿಗೂ ಒಂದೇ ಗೆರೆ ಕೊಟ್ಟಿದ್ದೀರಿ. “ಒಂದೇ ಬರೀಬೇಕು ಅಂತ ಇತ್ತಪ್ಪ, ಗಾಡಿದು ಬರೆದೆ. ಅದು ಎಲ್ಲಾರಿಗೂ ಅರ್ಥ ಆಗತ್ತೆ” ಅಂದ ನಿನ್ನೆ. ಒಂಬತ್ತನೇ ಪ್ರಶ್ನೆಗೂ ಒಂದೇ ಗೆರೆ. ಒಂದು ಗೆರೆಯಲ್ಲಿ ಹಿಡಿಯುವುದು ಸುಳ್ಳು ಮಾತ್ರ. ಹಾಳೆ ಮಾಡಿದವರಿಗೆ ಇದನ್ನು ಹೇಳಿ, ನನ್ನ ಹೆಸರಲ್ಲೇ ಹೇಳಿ.

ಗೆರೆ ದಾಟಿ ಹಾಳೆಯ ಹಿಂದಕ್ಕೂ ಬರೆದಿದ್ದೇನೆ. ಕೋಣೆ, ತಂತಿ, ಹೊಡೆದದ್ದು, ಅಂದದ್ದು, ತಂತಿ ಕೊಡದೆ ಇಡೀ ದಿನ ಮರೆತದ್ದು, ಎಲ್ಲ. ‘ಏಳನೇ ವಯಸ್ಸಿನಿಂದ ಹದಿನೈದರವರೆಗೆ’ ಅಂತ ಬರೆದೆ. ಅವನು ಓದದೆ ಆಗುವುದಿಲ್ಲ ಅಂದಿದ್ದಿರಲ್ಲ. ಅವನ ಕೈಗೆ ಕೊಡಲು ಧೈರ್ಯ ಬರಲಿಲ್ಲ, ನಾನೇ ಗಟ್ಟಿಯಾಗಿ ಓದಿದೆ. ಮೇಜಿನ ವೈಸಿನ ಇಕ್ಕಳಕ್ಕೆ ಕಚ್ಚಿಸಿದ ಕೀಯನ್ನು ಅರದಿಂದ ಉಜ್ಜುತ್ತಾ ಕೇಳಿಸಿಕೊಂಡ. ತಲೆ ಎತ್ತಲಿಲ್ಲ. ಮುಗಿದ ಮೇಲೆ ಅರ ಕೆಳಗಿಟ್ಟು ಪೆನ್ನು ಕೇಳಿದ. ಸಹಿ ಹಾಕುತ್ತಾನೆ ಅಂದುಕೊಂಡೆ. ಮೊದಲು ನಾನು ಬರೆದ ಏಳನ್ನು ಹೊಡೆದುಹಾಕಿ ಮೇಲೆ ಆರು ಅಂತ ಬರೆದ.

“ಅಮ್ಮ ಹೋದ್ಲಲ್ಲ, ಆ ವಾರ” ಅಂದ. ಆಮೇಲೆ ಸಹಿ ಹಾಕಿದ.

ನನಗೆ ನೆನಪಿಲ್ಲ. ಅವನಿಗೆ ವಾರ ನೆನಪಿದೆ. ಆ ತಿದ್ದುಪಡಿಯನ್ನು ನಿಮ್ಮ ಸಮಿತಿಯವರು ಅಳಿಸದೆ ಹಾಗೇ ಓದಲಿ.

ಹಾಸಿಗೆ ಕೊಡಿ. ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಇಷ್ಟು ವರ್ಷ ದೇಶಕ್ಕೆ ಕಾವಲು ನಿಂತವನಿಗೆ ಅದು ಸಲ್ಲಬೇಕು.

ಅವನ ಅಪ್ಪ


ಮೇ 23

ಹಿರಿಯರಿಗೆ ನಮಸ್ಕಾರ.

ನಿಮ್ಮ ಮಗನಿಗೆ ಹಾಸಿಗೆ ಸಿಕ್ಕಿದೆ. ಜೂನ್ 3ರಂದು ಬೆಳಗ್ಗೆ ಬರಲಿ.

ಸುಲಭವಾಗಿ ಸಿಗಲಿಲ್ಲ. ಸಮಿತಿಯ ಒಬ್ಬರು ಹಾಳೆಯ ಹಿಂಬದಿ ಓದಿ, “ಇದು ಮನೆಯ ಕಾಯಿಲೆ, ಯುದ್ಧದ್ದಲ್ಲವಲ್ಲ. ನಮಗ್ಯಾಕೆ?” ಎಂದರು. ನನಗೆ ಸಾಮಾನ್ಯವಾಗಿ ಸಿಟ್ಟು ಬರುವುದಿಲ್ಲ. ಅಂದು ಬಂತು. ಅದು ನಿಮ್ಮಿಂದ ಅಂಟಿದ್ದಿರಬೇಕು. ಸೈನ್ಯಕ್ಕೆ ಕೂಗದೆ ಸಹಿಸುವ ಹುಡುಗ ಬೇಕಾದಾಗ ಅವನ ಮನೆಯ ವಿಚಾರ ಕೇಳದೆ ತೆಗೆದುಕೊಂಡೆವು, ಅದೇ ಸಹನೆಯನ್ನು ಆ ಬೆಟ್ಟದ ಮೇಲೆ ಹನ್ನೊಂದು ತಿಂಗಳು ಬಳಸಿಕೊಂಡೆವು, ಈಗ ಎರಡನ್ನು ಬೇರೆ ಬೇರೆ ಮಾಡಿ ನಮ್ಮ ಪಾಲು ಮಾತ್ರ ನೋಡುತ್ತೇವೆ ಎನ್ನುವುದು ಯಾವ ನ್ಯಾಯ ಎಂದು ಕೇಳಿದೆ. ಹಾಳೆಯಲ್ಲಿ ಗೆರೆಗಳನ್ನು ಹೆಚ್ಚಿಸಲು ಬರೆದುಕೊಟ್ಟಿದ್ದೇನೆ. ಏನಾಗುತ್ತದೋ ತಿಳಿಯದು.

ಒಂದು ಮಾತು. ಎಲ್ಲವನ್ನೂ ನಿಮ್ಮ ತಲೆಗೇ ಕಟ್ಟಿಕೊಳ್ಳಬೇಡಿ. ಯುದ್ಧದ ಪಾಲು ಯುದ್ಧದ್ದೇ. ನೀವು ಕೊರಗುತ್ತಾ ಕೂತರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವರಿಗೇ ಬೀಳುತ್ತದೆ. ಈ ವಾರ್ಡಿನಲ್ಲಿ ಸಿಟ್ಟು ಬರುವುದು ಒಳ್ಳೆಯ ಸೂಚನೆ, ಸಿದ್ಧವಾಗಿರಿ.

ಮೂರನೇ ಕೊಠಡಿಯ ಡಾಕ್ಟರ್


ಜುಲೈ 2

ಅಪ್ಪನಿಗೆ,

ಈ ಭಾನುವಾರ ಬರಬೇಡ. ಅವಳೂ ಮಗಳೂ ಬರ್ತಾರೆ, ನೀನು ಬೇಡ.

ಇಲ್ಲಿ ಯಾವ ಬಾಗಿಲಿಗೂ ಬೀಗ ಇಲ್ಲ. ಮೊದಲ ವಾರ ಅದಕ್ಕೇ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಈಗ ಪರವಾಗಿಲ್ಲ. ಕೂತು ಊಟ ಮಾಡ್ತೀನಿ.

ನೀನು ಹಾಳೆ ಓದಿದ ದಿನದಿಂದ ಒಂದು ಮಾತು ತಲೆಯಲ್ಲಿ ಸಿಕ್ಕಿಕೊಂಡಿತ್ತು. ಏನು ಅಂತ ಇವತ್ತು ಡಾಕ್ಟರ ಮುಂದೆ ಗೊತ್ತಾಯ್ತು. ತಂತಿ ಕೊಡೋದು ಮರೆತೆ ಅಂತ ಬರೆದಿದ್ದೀಯಲ್ಲ, ಆ ದಿನ. ಅಪ್ಪ, ನೀನು ಮರೆತಿದ್ದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅದು ಪರೀಕ್ಷೆ ಅಂದುಕೊಂಡಿದ್ದೆ. ತಂತಿ ಇಲ್ಲದೆ ತೆಗೆಯೋ ದಾರಿ ಇರಬೇಕು, ಒಳ್ಳೆ ಕೆಲಸಗಾರನಾಗಿದ್ರೆ ಅದು ಹೊಳೀತಿತ್ತು ಅಂತ ಬೆಳಗ್ಗೆಯಿಂದ ಸಂಜೆವರೆಗೆ ಯೋಚನೆ ಮಾಡಿದೆ. ಉಗುರು ಹಾಕಿದೆ, ಅಂಗಿ ಗುಂಡಿ ಕಿತ್ತು ಹಾಕಿದೆ. ಆಗಲಿಲ್ಲ. ಮೂವತ್ತು ವರ್ಷ ಆ ಪರೀಕ್ಷೆಯಲ್ಲಿ ಫೇಲಾದವನ ಹಾಗೇ ಬದುಕಿದೆ. ಬೆಟ್ಟದ ಮೇಲೂ ಹಾಗೇ, ಗಾಡಿ ಉರೀತಿದ್ದಾಗಲೂ ಹಾಗೇ. ದಾರಿ ಇತ್ತು, ನನಗೆ ಹೊಳೀಲಿಲ್ಲ ಅಂತ.

ದಾರಿ ಇರಲಿಲ್ಲ. ನೀನು ಮರೆತಿದ್ದೆ, ಅಷ್ಟೇ.

ನನಗೆ ಇವತ್ತು ಸಿಟ್ಟು ಬಂದಿದೆ ಅಪ್ಪ. ನನ್ನ ಮೇಲಲ್ಲ. ನಿನ್ನ ಮೇಲೆ. ಈ ಸಲ ಸಾರಿ ಅಂತ ಬರೆಯಲ್ಲ.

ನಿನ್ನ ಮಗ


ಜುಲೈ 6

ಮಗನಿಗೆ,

ಬರುವುದಿಲ್ಲ. ನೀನು ಬಾ ಅನ್ನುವವರೆಗೆ ಯಾವ ಭಾನುವಾರವೂ ಬರುವುದಿಲ್ಲ.

ಸಾಮಾನು ಕೋಣೆಗೆ ಬಾಗಿಲು ಹಾಕಿಸಿಲ್ಲ, ಹಾಕಿಸುವುದೂ ಇಲ್ಲ. ಗಿರಾಕಿಗಳು ಏನಾಯ್ತು ಅಂತ ಕೇಳುತ್ತಾರೆ. ಮಗ ಒಡೆದ, ಸರಿಯಾಗಿಯೇ ಒಡೆದ ಅನ್ನುತ್ತೇನೆ.

ನಿನ್ನ ಕಾಗದ ನಾಲ್ಕು ಸಲ ಓದಿದೆ. ಬಯ್ದದ್ದು ಸಾಲದು. ಇನ್ನೂ ಎಷ್ಟಿದೆಯೋ ಅಷ್ಟನ್ನೂ ಬರೆ, ಹಾಳೆಯ ಹಿಂದಕ್ಕೂ ಬರೆ. ನಾನು ತಿರುಗಿಸಿ ಬಯ್ಯುವುದಿಲ್ಲ. ಓದುತ್ತೇನೆ.

ಅಪ್ಪ